ಮಗಳು 3 ಉಲ್ಟಾ ಬರೀತಾಳೆ. ಪುಟ್ಟ ಮಕ್ಕಳಿಗೆ ಅಂಕಿ ಬರೆಸೋದು ಹೇಗೆ?

ರಿಪ್ಪನ್‌ಪೇಟೆ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ನಾಲ್ಕು ವರ್ಷ ಹತ್ತು ತಿಂಗಳು, ಎಲ್‌ಕೆಜಿಗೆ ಹೋಗ್ತಾಳೆ. ಶಾಲೆಯ ಹೆಸರು ಬೇಡ. ಜೂನ್‌ನಿಂದ ದಿನಾ ಚೌಕದ ಪುಸ್ತಕದಲ್ಲಿ 1ರಿಂದ 50ರವರೆಗೆ ಬರೆದುಕೊಂಡು ಬರಬೇಕು ಅಂತ ಹೋಂವರ್ಕ್. ಶನಿವಾರ ಆದ್ರೆ ಎರಡು ಸಲ.

ಇವಳು 3 ಬರೆದರೆ ಹೊಟ್ಟೆ ಆ ಕಡೆ, ಬಾಯಿ ಈ ಕಡೆ. 7ರ ಕೊಕ್ಕೆ ಬಲಕ್ಕೆ ಹೋಗ್ತದೆ. 12 ಬರಿ ಅಂದ್ರೆ ಒಮ್ಮೊಮ್ಮೆ 21. ಪೆನ್ಸಿಲ್ ಎಷ್ಟು ಒತ್ತಿ ಹಿಡೀತಾಳೆ ಅಂದ್ರೆ, ಹಾಳೆ ಮಗುಚಿ ಬೆರಳಾಡಿಸಿದರೆ ಹಿಂದಿನಿಂದಲೇ ಅಂಕಿ ಗೊತ್ತಾಗ್ತದೆ. ಬಾಯಲ್ಲಿ ಕೇಳಿ, ನೂರರವರೆಗೆ ಗಡಗಡ ಹೇಳ್ತಾಳೆ.

ಮೊನ್ನೆ ಸಂಜೆ ಮಳೆಗೆ ಕರೆಂಟ್ ಹೋಗಿತ್ತು. ಚಾರ್ಜರ್ ಲೈಟ್ ಇಟ್ಕೊಂಡು ಒಂದು ಪುಟ ತುಂಬ 3 ಬರೆಸ್ತಾ ಕೂತಿದ್ದೆ. ಆರನೇ ಸಾಲಿಗೆ ಬಂದಾಗ ಪೆನ್ಸಿಲ್ ಕೆಳಗಿಟ್ಟು, "ಅಮ್ಮಾ, ನಂಗೆ ಮೂರು ಬೇಡ" ಅಂದು ಪುಸ್ತಕದ ಮೇಲೇ ತಲೆ ಇಟ್ಟು ಮಲಗಿಬಿಟ್ಟಳು. ಕೆನ್ನೆಗೆ ಸೀಸದ ಕಪ್ಪು ಹತ್ತಿತ್ತು. ಅದನ್ನ ಒರೆಸ್ತಾ ನಂಗೆ ಅಳು ಬಂತು.

ಕಣ್ಣಿನ ತೊಂದರೆ ಇರಬಹುದಾ? ಬುದ್ಧಿಯಲ್ಲಿ ಏನಾದ್ರೂ ಹಿಂದಾ? ಟ್ಯೂಷನ್ನಿಗೆ ಹಾಕಿ ಅಂತ ಪಕ್ಕದ ಮನೆಯವರು ಹೇಳ್ತಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಸಾಗರದ ಮೇಷ್ಟ್ರು:

ತಂಗಿ, ಮೊದಲು ನೀವು ಧೈರ್ಯ ತಂದುಕೊಳ್ಳಿ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿ ನಿವೃತ್ತನಾದವನು ನಾನು. ನಾಲ್ಕು, ಐದು, ಆರು ವರ್ಷದ ಮಕ್ಕಳಲ್ಲಿ ಅಂಕಿಯನ್ನು ಒಮ್ಮೆಯೂ ತಿರುಗಿಸಿ ಬರೆಯದ ಮಗುವನ್ನು ನಾನು ನೋಡಿಲ್ಲ.

ಕಾರಣ ಸರಳ. ಹಸು ಎಡಕ್ಕೆ ಮುಖ ಮಾಡಿ ನಿಂತರೂ ಹಸು, ಬಲಕ್ಕೆ ತಿರುಗಿದರೂ ಅದೇ ಹಸು. ತಂಬಿಗೆಯನ್ನು ಯಾವ ಕಡೆಯಿಂದ ನೋಡಿದರೂ ತಂಬಿಗೆ. ಹುಟ್ಟಿದ ದಿನದಿಂದ ಮಗುವಿನ ಮಿದುಳು ಕಲಿತದ್ದು ಇದನ್ನೇ. ಒಂದು ಆಕಾರ ಯಾವ ಕಡೆ ತಿರುಗಿದೆ ಅನ್ನುವುದರ ಮೇಲೆ ಅದು ಬೇರೆ ವಸ್ತುವಾಗುತ್ತದೆ ಅನ್ನುವ ವಿಚಿತ್ರ ನಿಯಮ ಇರುವುದು ಬರವಣಿಗೆಯಲ್ಲಿ ಮಾತ್ರ. ಅದನ್ನು ಮಗು ಹೊಸದಾಗಿ ಕಲಿಯಬೇಕು, ಹಳೆಯದನ್ನು ಅಷ್ಟರಮಟ್ಟಿಗೆ ಮರೆಯಬೇಕು.

ಇನ್ನೊಂದು ಗಮನಿಸಿ. 1, 2, 3, 7, 9 ಇವು ಎಡಕ್ಕೆ ಮುಖ ಮಾಡಿದ ಅಂಕಿಗಳು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬಿ, ಇ, ಕೆ, ಪಿ ಎಲ್ಲ ಬಲಕ್ಕೆ ಮುಖ ಮಾಡಿವೆ. ಬರೆಯುವ ಕೈ ಎಡದಿಂದ ಬಲಕ್ಕೆ ಹೋಗುತ್ತದೆ, ಅಕ್ಷರಗಳೂ ಅತ್ತಲೇ ನೋಡುತ್ತವೆ. ಹಾಗಾಗಿ ಮಗು ಅಂಕಿಯನ್ನೂ ಬಲಕ್ಕೆ ತಿರುಗಿಸುತ್ತದೆ. 3 ಮತ್ತು 7 ತಿರುಗಿದಷ್ಟು ಸುಲಭವಾಗಿ 6 ತಿರುಗುವುದಿಲ್ಲ. ನಿಮ್ಮ ಮಗಳ ಪುಸ್ತಕ ತೆಗೆದು ನೋಡಿ, ಹೌದೋ ಅಲ್ಲವೋ ಹೇಳಿ.

ನೂರರವರೆಗೆ ಹೇಳುತ್ತಾಳೆ ಅಂದಿರಿ. ಅಡಿಗೆಮನೆಯಿಂದ ಏಳು ಚಮಚ ತಂದುಕೊಡು ಅಂತ ಕೇಳಿ. ಅವಳು ಎಣಿಸಿ ಏಳಕ್ಕೆ ನಿಲ್ಲಿಸುತ್ತಾಳೋ, ಕೈಗೆ ಸಿಕ್ಕಷ್ಟು ತರುತ್ತಾಳೋ ನೋಡಿ. ಅಂಕಿ ಬರೆಸುವ ಮಾತು ಅದಾದ ಮೇಲೆ.

ರಿಪ್ಪನ್‌ಪೇಟೆ ಅಮ್ಮ:

ಮೇಷ್ಟ್ರೇ, ಈಗಲೇ ಕೇಳಿ ನೋಡಿದೆ. ಹನ್ನೊಂದು ಚಮಚ ತಂದಳು! "ಎಣಿಸು" ಅಂದ್ರೆ ಬಾಯಿ ಮುಂದೆ ಮುಂದೆ, ಬೆರಳು ಹಿಂದೆ ಹಿಂದೆ. ಆಮೇಲೆ ಪುಸ್ತಕ ನೋಡಿದೆ, ನೀವು ಹೇಳಿದ್ದು ಸರಿ. 6 ಎಲ್ಲ ನೆಟ್ಟಗಿದೆ, 3 ಮತ್ತು 7ರಲ್ಲೇ ಕೆಂಪು ಗೀಟು. ಇಷ್ಟು ದಿನ ನಾನು ಎಂತ ಬರೆಸ್ತಿದ್ದೆ ಹಾಗಾದ್ರೆ?

ವಿನೋಬನಗರದ ಅಪ್ಪ:

ಮೇಷ್ಟ್ರು ದೊಡ್ಡವರು, ಗೌರವ ಇಟ್ಟುಕೊಂಡೇ ಹೇಳ್ತೀನಿ. ಬರೆಸಬೇಡಿ ಅನ್ನೋದು ಸುಲಭ. ನಮ್ಮ ದೊಡ್ಡ ಮಗನಿಗೆ ಹಾಗೇ ಬಿಟ್ಟಿದ್ವಿ, ಆಟ ಆಡ್ಕೊಂಡಿರಲಿ ಅಂತ. ಒಂದನೇ ಕ್ಲಾಸಿಗೆ ಬಂದಾಗ ಉಳಿದ ಮಕ್ಕಳು ಬೋರ್ಡಿನಲ್ಲಿ ಇದ್ದದ್ದನ್ನ ಬರೆದು ಮುಗಿಸ್ತಿದ್ರು, ಇವನು ಅರ್ಧಕ್ಕೇ ಇರ್ತಿದ್ದ. ಡಬ್ಬಿ ಊಟಕ್ಕೆ ಬಿಡೋ ಹೊತ್ತಿಗೂ ಬರೀತಾ ಕೂತಿರ್ತಿದ್ದ. ಆ ಒಂದು ವರ್ಷ ಮಗುವಿನ ಮುಖ ಹೇಗಿತ್ತು ಅಂತ ನೋಡಿದವನು ನಾನು. ಎರಡನೆಯವಳಿಗೆ ಮೂರೂವರೆಯಿಂದಲೇ ಬರೆಸಿದೆ, ಅವಳಿಗೆ ಆ ಕಷ್ಟ ಬರಲಿಲ್ಲ. ಅಡ್ಮಿಷನ್ನಿಗೆ ಹೋದಾಗ 1ರಿಂದ 100 ಬರೆಸಿಯೇ ಒಳಗೆ ತಗೊಂಡದ್ದು. ಊರಲ್ಲಿ ಇರೋದು ಹೀಗೆ, ನಾವೊಬ್ಬರೇ ಬೇರೆ ದಾರಿ ಹಿಡಿದರೆ ಪೆಟ್ಟು ತಿನ್ನೋದು ಮಗು.

ಕೈಚಿಕಿತ್ಸೆ, ಶಿವಮೊಗ್ಗ:

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ಬರೆಯೋದು, ಗುಂಡಿ ಹಾಕೋದು ಇಂಥ ದಿನನಿತ್ಯದ ಕೆಲಸಕ್ಕೆ ಮಕ್ಕಳ ಕೈ ಪಳಗಿಸೋದು ನನ್ನ ಕೆಲಸ. ಅಣ್ಣಾ, ನಿಮ್ಮ ಮಗನ ಕಷ್ಟ ನಿಜವಾದದ್ದು, ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ನನ್ನ ಹತ್ತಿರ ಬರೋ ಮಕ್ಕಳಲ್ಲಿ ಬಹಳ ಜನ ಬೇಗ ಬರೆಸಿದ್ದರಿಂದಲೇ ಕೈ ಕೆಡಿಸಿಕೊಂಡವರು. ಕೈಯ ವಿಷಯ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಇದನ್ನ ಅಪ್ಪ ಅಮ್ಮಂದಿರಿಗೆ ಯಾರೂ ಹೇಳೋದೇ ಇಲ್ಲ.

ದೊಡ್ಡವರ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದ ಮಗುವಿನ ಎಕ್ಸ್‌ರೇ ತೆಗೆದರೆ ಅಲ್ಲಿ ಖಾಲಿ ಜಾಗ ಕಾಣ್ತದೆ, ಯಾಕಂದ್ರೆ ಎಲ್ಲ ಇನ್ನೂ ಮೆತ್ತನೆಯ ಮೃದ್ವಸ್ಥಿ. ವರ್ಷ ಕಳೆದ ಹಾಗೆ ಒಂದೊಂದೇ ಗಟ್ಟಿಯಾಗ್ತಾ ಬಂದು, ಏಳನೆಯದು ಕಾಣಿಸಿಕೊಳ್ಳೋ ಹೊತ್ತಿಗೆ ಮಗುವಿಗೆ ಆರೇಳು ವರ್ಷ ಆಗಿರ್ತದೆ. ಎಂಟನೆಯದು ಬರೋದು ಒಂಬತ್ತರಿಂದ ಹನ್ನೆರಡರ ಒಳಗೆ. ನಾಲ್ಕು ವರ್ಷದ ಮಗುವಿನ ಕೈ ಅಂದ್ರೆ ನಮ್ಮ ಕೈಯ ಸಣ್ಣ ಅಳತೆ ಅಲ್ಲ, ಇನ್ನೂ ಕಟ್ತಾ ಇರೋ ಮನೆ. ಅದಕ್ಕೇ ಪೆನ್ಸಿಲನ್ನ ಮುಷ್ಟಿಯಲ್ಲಿ ಹಿಡಿದು ಭುಜದಿಂದ ಒತ್ತೋದು. ರಿಪ್ಪನ್‌ಪೇಟೆ ಅಕ್ಕಾ, ಹಾಳೆಯ ಹಿಂದೆ ಅಂಕಿ ಮೂಡೋದು ನಿಮ್ಮ ಮಗಳ ಹಟ ಅಲ್ಲ. ಬೆರಳಿನಲ್ಲಿ ಇಲ್ಲದ ಹಿಡಿತವನ್ನ ತೋಳಿನಿಂದ ತರ್ತಾ ಇದ್ದಾಳೆ.

ಮಾಡಬೇಕಾದ್ದು: ಉದ್ದ ಪೆನ್ಸಿಲ್ ಬಿಡಿ. ಒಂದು ಅಂಗುಲದ ಕ್ರೆಯಾನ್ ತುಂಡು ಕೊಡಿ, ಅಥವಾ ಬಳಪದ ಚೂರು. ಚಿಕ್ಕ ತುಂಡನ್ನ ಮುಷ್ಟಿಯಲ್ಲಿ ಹಿಡಿಯೋಕೆ ಆಗೋದೇ ಇಲ್ಲ, ಮೂರು ಬೆರಳು ತಾನಾಗೇ ಮುಂದೆ ಬರ್ತವೆ. ನೆಲದ ಮೇಲೆ ಬಗ್ಗಿಸಿ ಕೂರಿಸೋ ಬದಲು ನಿಲ್ಲಿಸಿ ಗೋಡೆಗೆ ಬರೆಸಿ. ಎದುರಿಗೆ ನೆಟ್ಟಗಿರೋ ಹಲಗೆ ಮೇಲೆ ಬರೆಯುವಾಗ ಮಣಿಕಟ್ಟು ಹಿಂದಕ್ಕೆ ಬಾಗಿ ಸರಿಯಾದ ಜಾಗಕ್ಕೆ ಬರ್ತದೆ. ಹೂ ಪೋಣಿಸೋದು, ಬಟಾಣಿ ಸುಲಿಯೋದು, ಬಟ್ಟೆಗೆ ಕ್ಲಿಪ್ ಹಾಕೋದು, ಚಪಾತಿ ಹಿಟ್ಟು ನಾದೋದು, ಇವೆಲ್ಲ ಬರೆಯೋ ಕೈಯನ್ನೇ ಕಟ್ತವೆ.

ಯಾವಾಗ ತೋರಿಸಬೇಕು ಅಂತ ಕೇಳೋರಿಗೆ: ಏಳು ತುಂಬಿ ಎಂಟರ ಹತ್ತಿರ ಬಂದ ಮೇಲೂ ಪುಟದ ತುಂಬ ತಿರುಗಿಸಿಯೇ ಬರೀತಿದ್ರೆ, ಅಥವಾ ಗುಂಡಿ ಹಾಕೋದು, ಚಮಚ ಹಿಡಿಯೋದು ಎಲ್ಲದರಲ್ಲೂ ತೊಡಕು ಇದ್ರೆ ತೋರಿಸಿ. ಕಣ್ಣನ್ನ ಮಾತ್ರ ಶಾಲೆಗೆ ಹೋಗೋ ಎಲ್ಲ ಮಕ್ಕಳಿಗೂ ಒಮ್ಮೆ ಪರೀಕ್ಷೆ ಮಾಡಿಸೋದು ಒಳ್ಳೇದು, ಅಂಕಿ ತಿರುಗಲಿ ಬಿಡಲಿ.

ಅಂಗನವಾಡಿ ಅಕ್ಕ, ತೀರ್ಥಹಳ್ಳಿ ಕಡೆ:

ಥೆರಪಿ ಮೇಡಂ ಹೇಳಿದ್ದು ಓದಿ ಖುಷಿ ಆಯ್ತು. ನಮ್ಮಲ್ಲಿ ಮೂರರಿಂದ ಆರರ ಮಕ್ಕಳು. ತಂದೆತಾಯಿ ಬಂದು ಕೇಳೋ ಮೊದಲ ಪ್ರಶ್ನೆ "ಬರೆಸಲ್ವಾ?" ಅಂತ. ಬರೆಸಲ್ಲ ಅಂದ್ರೆ ಮಗುವನ್ನ ಬಿಡಿಸಿ ವ್ಯಾನಿಗೆ ಹತ್ತಿಸ್ತಾರೆ. ಅದು ನಂಗೆ ಬಹಳ ನೋವಿನ ಮಾತು.

ನಾವು ಮಾಡೋದು ಹೀಗೆ. ಊಟದ ಹಳೇ ತಟ್ಟೆಗೆ ಹೊಳೆ ಮರಳು ಜರಡಿ ಹಿಡಿದು ಹಾಕಿಟ್ಟಿದೀನಿ. ಒಂದೊಂದು ಮಗು ಎರಡು ಬೆರಳಲ್ಲಿ ಬರೀತದೆ, ತಟ್ಟೆ ಅಲ್ಲಾಡಿಸಿದ್ರೆ ಅಳಿಸಿ ಹೋಗ್ತದೆ. ತಪ್ಪು ಉಳಿಯೋದಿಲ್ಲ, ರಬ್ಬರಿನಲ್ಲಿ ಉಜ್ಜಿ ಹಾಳೆ ಹರಿಯೋದಿಲ್ಲ, ಕೆಂಪು ಗೀಟೂ ಇಲ್ಲ. ಮಳೆಗಾಲದಲ್ಲಿ ಮರಳು ಒದ್ದೆಯಾದ್ರೆ ಅಕ್ಕಿ ತರಿ. ಶೃಂಗೇರಿಗೆ ಹೋಗಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸ್ತೀವಲ್ಲ, ಮನೆಯಲ್ಲಿ ಮಾಡುವವರೂ ಅಕ್ಕಿ ಹರವಿ ಮಗುವಿನ ಬೆರಳು ಹಿಡಿದು ಬರೆಸ್ತಾರಲ್ಲ, ಅದನ್ನ ಒಂದೇ ದಿನಕ್ಕೆ ಯಾಕೆ ಮುಗಿಸಬೇಕು? ದಿನಾ ಮಾಡಿ.

ಇನ್ನೊಂದು, ಉಪ್ಪುಕಾಗದದ ಅಂಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಒರಟು ಉಪ್ಪುಕಾಗದ ತಂದು, ದೊಡ್ಡದಾಗಿ 0ಯಿಂದ 9 ಕತ್ತರಿಸಿ ರಟ್ಟಿಗೆ ಅಂಟಿಸಿ. 1907ರಲ್ಲಿ ರೋಮ್‌ನಲ್ಲಿ ಮಾಂಟೆಸ್ಸರಿ ಅವರು ಶುರು ಮಾಡಿದ ಮಕ್ಕಳ ಮನೆಯಿಂದ ಬಂದ ಪದ್ಧತಿ ಅಂತ ತರಬೇತಿಯಲ್ಲಿ ಹೇಳಿಕೊಟ್ಟರು. ಮಗು ಕಣ್ಣು ಮುಚ್ಚಿ ಬೆರಳಾಡಿಸ್ತದೆ, ಒರಟು ಜಾಗ ಬಿಟ್ಟು ನುಣುಪಿಗೆ ಜಾರಿದ ಕೂಡಲೇ ದಾರಿ ತಪ್ಪಿದ್ದು ಬೆರಳಿಗೇ ಗೊತ್ತಾಗ್ತದೆ. ಮೇಲಿಂದ ಶುರು ಮಾಡಬೇಕಾದ ಜಾಗಕ್ಕೆ ಒಂದು ಕುಂಕುಮದ ಬೊಟ್ಟು ಇಡಿ. ಎಲ್ಲಿಂದ ಶುರು ಅನ್ನೋದು ತಿಳಿದರೆ ಅರ್ಧ ಉಲ್ಟಾ ಅಲ್ಲೇ ಸರಿಯಾಗ್ತದೆ.

ಬಾಯಲ್ಲೂ ಹೇಳಿಸಬೇಕು. 3ಕ್ಕೆ ನಾವು "ಗುಡ್ಡ ಹತ್ತಿ ಇಳಿ, ಮತ್ತೆ ಗುಡ್ಡ ಹತ್ತಿ ಇಳಿ" ಅಂತೀವಿ. 7ಕ್ಕೆ "ಜಗುಲಿ ಮೇಲೆ ನಡಿ, ಮೆಟ್ಟಿಲು ಇಳಿ". 8ಕ್ಕೆ ಹೇಳೋದೇ ಬೇಡ, ಅಂಗಳದಲ್ಲಿ ಎರಡು ಕಲ್ಲಿಟ್ಟು ಸುತ್ತಿ ಓಡಿಸ್ತೀನಿ, ಕಾಲಿಗೆ ಬಂದದ್ದು ಆಮೇಲೆ ಕೈಗೆ ಬರ್ತದೆ.

ಭದ್ರಾವತಿ ಎಡಗೈ:

ಚಿಕ್ಕ ಮಾತು. ನಾನು ಎಡಗೈಯವನು. ಮನೆಯಲ್ಲಿ ಕೈಗೆ ಬಟ್ಟೆ ಕಟ್ಟಿ ಬಲಗೈಯಲ್ಲಿ ಬರೆಸಿದ್ರು. ಮೂವತ್ತೆಂಟು ವರ್ಷವಾಯ್ತು, ಈಗಲೂ ಚೆಕ್ ಮೇಲೆ ಅಂಕಿ ಬರೆಯುವಾಗ ಎದೆ ಹೊಡ್ಕೊಳ್ತದೆ. ನಿಮ್ಮ ಮಗು ಎಡಗೈಯಲ್ಲಿ ಬರೆದರೆ ದಯವಿಟ್ಟು ಬಿಡಿ. ಹಾಳೆಯನ್ನ ಸ್ವಲ್ಪ ಬಲಕ್ಕೆ ಓರೆ ಮಾಡಿ ಇಟ್ಟರೆ, ತಾನು ಬರೆದದ್ದು ಕೈ ಕೆಳಗೆ ಮುಚ್ಚಿ ಹೋಗೋದಿಲ್ಲ. ಅಷ್ಟು ಸಾಕು.

ಸೊರಬದ ನಲಿಕಲಿ ಟೀಚರ್:

ವಿನೋಬನಗರದ ಅಣ್ಣನವರಿಗೆ ಎರಡು ಮಾತು. ಅಡ್ಮಿಷನ್ನಿಗೆ ಮಗುವನ್ನು ಪರೀಕ್ಷೆ ಮಾಡುವ ಹಾಗೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಅದನ್ನು ನೇರವಾಗಿ ತಡೆಯುತ್ತದೆ. ಎರಡನೆಯದು, ಎಷ್ಟು ಬರಬೇಕು ಅನ್ನುವ ಗುರಿ ಸರ್ಕಾರದ್ದೇ ಇದೆ. 2021ರ ನಿಪುಣ್ ಭಾರತ್ ಪ್ರಕಾರ ಒಂದನೇ ತರಗತಿಗೆ ಬರುವ ಮುಂಚಿನ ವರ್ಷದ ಕೊನೆಗೆ ಮಗು 10ರವರೆಗಿನ ಅಂಕಿ ಗುರುತಿಸಿ ಓದಿದರೆ ಸಾಕು. 99ರವರೆಗೆ ಓದಿ ಬರೆಯುವುದು ಒಂದನೇ ತರಗತಿ ಮುಗಿಯುವಾಗಿನ ಗುರಿ. ಎರಡನೆಯದರ ಕೊನೆಗೆ 999. ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 50 ಅನ್ನುವುದು ಎರಡು ವರ್ಷ ಮುಂಚಿನ ಹೊರೆ.

ಥೆರಪಿಸ್ಟ್ ಮೇಡಂ ಗೋಡೆಗೆ ಬರೆಸಿ ಅಂದರಲ್ಲ, ಸರ್ಕಾರಿ ಶಾಲೆಯ ನಲಿಕಲಿ ಕೋಣೆಯಲ್ಲಿ, ಅಂದರೆ ಸಣ್ಣ ಮಕ್ಕಳು ನಲಿಯುತ್ತಾ ಕಲಿಯುವ ತರಗತಿಯಲ್ಲಿ, ಸುತ್ತಲೂ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ ಇರುವುದು ಅದಕ್ಕೇ. ಪ್ರತಿ ಮಗುವಿಗೂ ತನ್ನದೇ ಒಂದು ಜಾಗ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿಕಲಿ ಶುರುವಾದದ್ದೇ ಮಕ್ಕಳು ಅವರವರ ವೇಗದಲ್ಲಿ ಕಲಿಕೆಯ ಏಣಿ ಹತ್ತಲಿ ಅಂತ.

ಈಗ ನಿಜವಾದ ತೊಡಕಿಗೆ ಬರ್ತೀನಿ. 3 ತಿರುಗುವುದು ತಾನಾಗಿ ಹೋಗುತ್ತದೆ. ಹೋಗದೆ ಉಳಿಯುವುದು ಬೇರೆ ಒಂದು. "ನೂರಾ ಐದು ಬರಿ" ಅಂದರೆ ಎರಡನೇ ತರಗತಿಯಲ್ಲೂ 1005 ಬರೆಯುವ ಮಕ್ಕಳಿದ್ದಾರೆ. "ನೂರಾ ಇಪ್ಪತ್ತೈದು" ಅಂದರೆ 10025. ಅವರ ಕೈ ಚೆನ್ನಾಗಿದೆ, ಅಂಕಿ ಮುತ್ತಿನ ಹಾಗಿದೆ. ಕಿವಿಗೆ ಕೇಳಿದ್ದನ್ನು ಕೇಳಿದ ಹಾಗೇ ಇಳಿಸಿದ್ದಾರೆ, ನೂರಕ್ಕೆ 100, ಅದರ ಪಕ್ಕ 5. ಅಂಥ ಮಗುವಿಗೆ ಹತ್ತು ಸಲ 105 ಬರೆಸಿದರೆ ಆ ಒಂದು ಸಂಖ್ಯೆ ಬಾಯಿಪಾಠ ಆಗುತ್ತದೆ, ಮರುದಿನ 108 ಕೇಳಿದರೆ ಮತ್ತೆ 1008.

ನಾನು ಹಂಚಿಕಡ್ಡಿ ಕೊಡ್ತೀನಿ. ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು. ಕಟ್ಟು ಎಡಕ್ಕೆ, ಬಿಡಿ ಬಲಕ್ಕೆ. ಎರಡು ಕಟ್ಟು, ಮೂರು ಬಿಡಿ ಇಟ್ಟ ಮೇಲೆ, ಕಟ್ಟಿನ ಕೆಳಗೆ 2, ಬಿಡಿಯ ಕೆಳಗೆ 3. ಎಷ್ಟು ವಾರ ಆದರೂ ಸರಿ, ಕಡ್ಡಿ ಇಲ್ಲದೆ ಎರಡಂಕಿ ಬರೆಸುವುದಿಲ್ಲ. ಕಟ್ಟೇ ಇಲ್ಲದ ಜಾಗಕ್ಕೆ ಏನು ಬರೆಯಬೇಕು ಅಂತ ಮಗು ಕೇಳಿದ ದಿನ ಸೊನ್ನೆ ಹೇಳಿಕೊಡಬೇಕು. ಹೋದ ವರ್ಷ ಒಬ್ಬ ಹುಡುಗ ಖಾಲಿ ಜಾಗವನ್ನು ಬೆರಳಲ್ಲಿ ಸುತ್ತಿ ತೋರಿಸಿ "ಇಲ್ಲಿ ಯಾರೂ ಬಂದಿಲ್ಲ ಟೀಚರ್" ಅಂದ. ಅವನು ಸುತ್ತಿದ್ದೇ ಸೊನ್ನೆಯ ಆಕಾರ. ಹಾಗೇ ಬರೆಸಿದೆ.

ಈ ವಿಷಯದಲ್ಲಿ ನಮ್ಮ ಕನ್ನಡ ಮಗುವಿಗೆ ದೊಡ್ಡ ಉಪಕಾರ ಮಾಡಿದೆ. ಹದಿಮೂರು ಅಂದರೆ ಹತ್ತು ಮೊದಲು, ಮೂರು ಆಮೇಲೆ. ಇಪ್ಪತ್ತಮೂರು, ಮೂವತ್ತೈದು, ಎಲ್ಲದರಲ್ಲೂ ಹತ್ತರ ಸ್ಥಾನ ಮುಂದೆ, ಬಿಡಿ ಹಿಂದೆ. ಬಾಯಿಗೆ ಬಂದ ಸಾಲಿನಲ್ಲೇ ಕೈ ಬರೆದರೆ ಸರಿಯಾಗುತ್ತದೆ. ಇಂಗ್ಲಿಷಿನ ಥರ್ಟೀನ್‌ನಲ್ಲಿ ಮೂರು ಮೊದಲು ಕೇಳುತ್ತದೆ, ಹತ್ತು ಬಾಲದಲ್ಲಿ. ಮಗು 31 ಬರೆದರೆ ಅದು ಕಿವಿಗೆ ನಿಯತ್ತಾಗಿ ಬರೆದದ್ದು. ರಿಪ್ಪನ್‌ಪೇಟೆ ಅಕ್ಕಾ, ನಿಮ್ಮ ಮಗಳಿಗೆ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿಸುತ್ತಾರೆ ಅಂತ ಕಾಣ್ತದೆ. ಮನೆಯಲ್ಲಿ ಕನ್ನಡದಲ್ಲಿ ಎಣಿಸಿ. ಕನ್ನಡದಲ್ಲಿ ಅರ್ಥ ಆದ ಸಂಖ್ಯೆಗೆ ಇಂಗ್ಲಿಷ್ ಹೆಸರು ಕಲಿಯುವುದು ಒಂದು ತಿಂಗಳ ಕೆಲಸ.

ಶಿಕಾರಿಪುರದಿಂದ:

ಟೀಚರ್ ಹೇಳಿದ್ದು ಓದಿ ಮೈ ಜುಮ್ಮಂದಿತು. ನಮ್ಮ ಮನೆಮಾತು ಉರ್ದು. ನಮ್ಮಲ್ಲಿ 23ಕ್ಕೆ ತೇಈಸ್, ಮೂರು ಮೊದಲು ಬರ್ತದೆ. 35 ಅಂದ್ರೆ ಪೈಂತೀಸ್, ಐದು ಮೊದಲು. ಮಗ ಒಂದನೇ ಕ್ಲಾಸಿನಲ್ಲಿ 23ಕ್ಕೆ 32 ಬರೆದಾಗೆಲ್ಲ ಗಮನ ಇಲ್ಲ ಅಂತ ಹೊಡೆದಿದೀನಿ. ಗಮನ ಇಟ್ಟು ಕೇಳಿದ್ದಕ್ಕೇ ಹಾಗೆ ಬರೆದ ಅಂತ ಇವತ್ತು ಗೊತ್ತಾಯ್ತು. ಅವನೀಗ ನಾಲ್ಕನೇ ಕ್ಲಾಸು. ಸಂಜೆ ಬಂದ ಮೇಲೆ ಹೇಳ್ತೀನಿ ಅವನಿಗೆ.

ಸೊರಬದ ನಲಿಕಲಿ ಟೀಚರ್:

ಹೇಳಿ ಅಕ್ಕ, ತಪ್ಪದೆ ಹೇಳಿ. ನಮ್ಮ ತರಗತಿಯಲ್ಲಿ ಕೊಂಕಣಿ ಮನೆಮಾತಿನ ಮಕ್ಕಳಿಗೂ ಇದೇ ಆಗುತ್ತದೆ. ಅಂಥವರಿಗೆ ಎರಡು ಬಣ್ಣದ ಬಳಪ ಕೊಡಿ, ಹತ್ತಕ್ಕೆ ಒಂದು, ಬಿಡಿಗೆ ಒಂದು.

ಕೋಣಂದೂರು ಅಜ್ಜಿ:

ಮೊಮ್ಮಗಳು ಟೈಪ್ ಮಾಡಿ ಕೊಡ್ತಾ ಇದ್ದಾಳೆ, ನಾನು ಹೇಳ್ತಾ ಇದೀನಿ.

ನಾವು ಸ್ಲೇಟಿನ ಕಾಲದವರು. ಸ್ಲೇಟು ಒರೆಸಲಿಕ್ಕೆ ತೋಡಿನ ಬದಿಯ ನೀರುಕಡ್ಡಿ ಕಿತ್ತು ತರ್ತಿದ್ವಿ, ಅದನ್ನ ಉಜ್ಜಿದ್ರೆ ಸ್ಲೇಟು ಹೊಸದರ ಹಾಗೆ ತಣ್ಣಗೆ ಕರ್ರಗೆ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಒಂದನ್ನ ನೂರು ಸಲ ಬರೆದರೂ ಒಂದು ಹಾಳೆ ಖರ್ಚಿಲ್ಲ.

ನಂಗೆ ಎಣಿಕೆ ಬಂದದ್ದು ಚನ್ನೆಮಣೆಯಲ್ಲಿ. ಆಷಾಢದ ಮಳೆಯಲ್ಲಿ ಹೊರಗೆ ಹೋಗುವ ಹಾಗಿಲ್ಲ, ಅಮ್ಮ ಮಣೆ ಇಳಿಸಿ ಕೊಡ್ತಿದ್ಲು. ಆಚೆ ಏಳು, ಈಚೆ ಏಳು, ಹದಿನಾಲ್ಕು ಗುಳಿ. ಗುಳಿಗೆ ನಾಲ್ಕು ಹುಣಸೆಬೀಜ ಹಾಕಿದ್ರೆ ಐವತ್ತಾರು. ಒಂದು ಗುಳಿಗೆ ಒಂದು ಬೀಜ ಅಂತ ಬಿಡ್ತಾ ಹೋಗ್ಬೇಕು, ಬಾಯಿ ಮುಂದೆ ಹೋಗಿ ಕೈ ಹಿಂದೆ ಉಳಿದರೆ ಆಟ ಕೆಡ್ತದೆ, ಎದುರಿನವಳು ಬಿಡೋದಿಲ್ಲ. ಆ ಹುಡುಗಿ ಚಮಚ ಹನ್ನೊಂದು ತಂದ್ಲು ಅಂದ್ರಲ್ಲ, ಅವಳಿಗೆ ಇದನ್ನ ಕೊಡಿ. ಎರಡು ಬೆರಳಲ್ಲಿ ಬೀಜ ಹೆಕ್ಕಿ ಹೆಕ್ಕಿ ಪೆನ್ಸಿಲ್ ಹಿಡಿಯುವ ಬೆರಳೂ ಗಟ್ಟಿಯಾಗ್ತದೆ.

ಇನ್ನೊಂದು ನೆನಪು. ಅಡಿಕೆ ಸುಲಿಯುವ ಕಾಲಕ್ಕೆ ರಾತ್ರಿ ಹತ್ತಾರು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕೂರ್ತಿದ್ರು. ಸುಲಿದ ಅಡಿಕೆ ಡಬ್ಬಕ್ಕೆ ಅಳೆದು ಸುರಿಯೋದು, ಯಾರದು ಎಷ್ಟು ಡಬ್ಬ ಅಂತ ಲೆಕ್ಕ ಇಡಬೇಕು. ಅಪ್ಪ ನಂಗೆ ಇದ್ದಿಲು ಕೊಟ್ಟು ಗೋಡೆ ಹತ್ತಿರ ನಿಲ್ಲಿಸ್ತಿದ್ದ. ಒಂದು ಡಬ್ಬಕ್ಕೆ ಒಂದು ಗೀಟು. ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡ. ಕೊನೆಗೆ ಎಲ್ಲ ಎಣಿಸಿ ಕೆಳಗೆ ಅಂಕಿ ಬರೀಬೇಕು. ನಂಗಾಗ ಆರು ವರ್ಷ ಇರಬಹುದು. ನಾನು ತಪ್ಪು ಬರೆದ್ರೆ ಒಬ್ಬಳ ಕೂಲಿ ಕಮ್ಮಿ ಆಗ್ತದೆ ಅಂತ ಗೊತ್ತಿತ್ತು. ಎಷ್ಟು ಜೋಪಾನವಾಗಿ ಬರೀತಿದ್ದೆ ಅಂತೀರಿ! ಉಲ್ಟಾ ಬರೆದ್ರೆ ಅವಳೇ ಎದ್ದು ಬಂದು "ಇದೆಂತ ಅಮ್ಮಿ, ನಂದು ಆರು ಅಲ್ವಾ?" ಅಂತ ಕೇಳ್ತಿದ್ಲು. ಈಗಿನ ಮಕ್ಕಳು ಬರೆಯುವ ಅಂಕಿ ಯಾರಿಗೆ ಬೇಕಾಗಿದೆ? ಯಾರಿಗೂ ಬೇಡದ್ದನ್ನ ಐವತ್ತು ಸಲ ಬರಿ ಅಂದ್ರೆ ಕೂಸಿಗಾದ್ರೂ ಯಾಕೆ ಬೇಕು?

ರಿಪ್ಪನ್‌ಪೇಟೆ ಅಮ್ಮ:

ಅಜ್ಜಿ, ನಿಮ್ಮ ಕೊನೇ ಮಾತು ಎರಡು ಸಲ ಓದಿದೆ. ನಮ್ಮ ಅತ್ತೆ ಮನೆಯ ಅಟ್ಟದ ಮೇಲೆ ಮಣೆ ಇದೆ, ನಾಳೆಯೇ ಇಳಿಸ್ತೀನಿ.

ಹೊಸನಗರದ ಓದುಗ:

ಒಂದು ಪ್ರಶ್ನೆ. ೧ ೨ ೩ ಕಲಿಸಬೇಕಾ, ಬೇಡವಾ? ಎರಡೂ ಒಟ್ಟಿಗೆ ಕಲಿಸಿದರೆ ಗೊಂದಲ ಅಂತಾರೆ. ನಮ್ಮ ಮಗನಿಗೆ ಕ್ಯಾಲೆಂಡರ್ ಮೇಲಿನ ಕನ್ನಡ ಅಂಕಿ ಓದಲಿಕ್ಕೆ ಬರಲ್ಲ, ನೋಡಿದರೆ ಸಂಕಟ ಆಗ್ತದೆ.

ಸಾಗರದ ಮೇಷ್ಟ್ರು:

ಕಲಿಸಲೇಬೇಕು, ಆದರೆ ಸರದಿ ನೋಡಿ. ಗಣಿತದ ಪುಸ್ತಕದಲ್ಲಿರುವುದು 1, 2, 3. ಅದು ಕೈಗೆ ಕೂತ ಮೇಲೆ ಕನ್ನಡ ಅಂಕಿ. ಎರಡೂ ಕಣ್ಣಿಗೆ ಬೀಳುತ್ತಿರಲಿ, ಬರೆಸುವುದು ಮಾತ್ರ ಒಂದಾದ ಮೇಲೆ ಒಂದು. ಓದಿಸುವುದಕ್ಕೆ ಮನೆಯ ಕ್ಯಾಲೆಂಡರೇ ಸಾಕು, ದಿನಾ ಬೆಳಿಗ್ಗೆ ಇವತ್ತಿನ ತಾರೀಕು ಹುಡುಕು ಅಂತ ಹೇಳಿ.

ಬರೆಸುವಾಗ ಅಕ್ಷರದ ಜೊತೆ ಸೇರಿಸಿ. ಒಂದನೇ ತರಗತಿಯಲ್ಲಿ ಅಕ್ಷರ ಶುರು ಮಾಡುವುದು ರ, ಗ, ಸ, ದ, ಅ ಅಂತ. ಗ ಬರೆಯಲು ಬಂದ ಮಗುವಿಗೆ ತಲೆಕಟ್ಟು ತೆಗೆದು ತೋರಿಸಿ, ೧ ಸಿಕ್ಕಿತು. ರ ಬರೆದ ಕೈಗೆ ೦ ಕಷ್ಟವಲ್ಲ. ೨ ಮತ್ತು ೩ ಒಂದೇ ಬಳ್ಳಿಯ ಕಾಯಿಗಳು, ಅವನ್ನು ಒಂದೇ ದಿನ ಕಲಿಸಬೇಡಿ, ಒಂದು ವಾರ ನಡುವೆ ಇರಲಿ. ೪ ಮತ್ತು ೫ಕ್ಕೂ ಹಾಗೇ. ಕನ್ನಡ ಅಂಕಿ ಉರುಟಾದದ್ದು, ಕೈ ತಿರುಗಬೇಕು, ಹಾಗಾಗಿ ಐದೂವರೆ ಆರರ ಮೇಲೆಯೇ ಒಳ್ಳೆಯದು.

1, 2, 3 ಬರೆಸುವಾಗಲೂ ಎಣಿಕೆಯ ಸಾಲಿನಲ್ಲೇ ಹೋಗಬೇಕೆಂದಿಲ್ಲ. ನೆಟ್ಟ ಗೆರೆಯ 1, 7, 4 ಮೊದಲು. ಅನಂತರ ಎಡಕ್ಕೆ ಸುತ್ತುವ 0, 6, 9. ಗುಡ್ಡ ಹತ್ತಿ ಇಳಿಯುವ 2, 3, 5 ಆಮೇಲೆ. 8 ಕೊನೆಗೆ. ಅಂಗನವಾಡಿ ತಾಯಿ ಹೇಳಿದ ಕುಂಕುಮದ ಬೊಟ್ಟು ಬಹಳ ಒಳ್ಳೆಯ ಉಪಾಯ, ನನ್ನ ಸೇವೆಯಲ್ಲಿ ನನಗೆ ಹೊಳೆದಿರಲಿಲ್ಲ.

ವಿನೋಬನಗರದ ಅಪ್ಪ:

ಎಲ್ಲರದೂ ಓದಿದೆ. ಕಾಯ್ದೆ ಕಲಮು ಗೊತ್ತಿರಲಿಲ್ಲ, ಧನ್ಯವಾದ ಟೀಚರ್. ಆದರೂ ಒಂದು ಬಿಡಲ್ಲ. ಅಭ್ಯಾಸ ಅನ್ನೋದು ಬೇಕೇ ಬೇಕು. ಮರಳು, ಬೀಜ, ಕಡ್ಡಿ ಎಲ್ಲ ಆಗಿ ಒಂದು ದಿನ ಹಾಳೆಗೆ ಬರಬೇಕಲ್ಲ? ಆವಾಗ ಕೈಗೆ ವೇಗ ಎಲ್ಲಿಂದ ಬರ್ತದೆ? ನನ್ನ ಮಗ ಬುದ್ಧಿವಂತನೇ, ಎಣಿಕೆ ಚೆನ್ನಾಗಿತ್ತು, ಬರೆದು ಅಭ್ಯಾಸ ಇಲ್ಲದೆ ಸೋತ.

ಕೈಚಿಕಿತ್ಸೆ, ಶಿವಮೊಗ್ಗ:

ಅಣ್ಣಾ, ಅದು ನ್ಯಾಯವಾದ ಮಾತು. ಅಭ್ಯಾಸ ಬೇಡ ಅಂತ ನಾನೂ ಹೇಳ್ತಿಲ್ಲ. ಆರು ತುಂಬಿದ ಮಗುವಿಗೆ ದಿನಾ ಐದು ನಿಮಿಷ, ಎರಡೇ ಅಂಕಿ, ಒಂದೊಂದು ಸಾಲು. ಪ್ರತಿ ಸಾಲಿನಲ್ಲಿ ಚೆನ್ನಾಗಿ ಬಂದ ಒಂದಕ್ಕೆ ಮಗುವೇ ಸುತ್ತು ಹಾಕಲಿ. ಪುಟ ತುಂಬ ಬರೆಸಿದರೆ ಏನಾಗ್ತದೆ ಅಂದ್ರೆ, ಮೊದಲ ಸಾಲು ಚೆನ್ನಾಗಿರ್ತದೆ, ಕೈ ಸೋತ ಮೇಲೆ ಕೆಟ್ಟದಾಗಿ ಬರೆದದ್ದೇ ಹೆಚ್ಚು, ಕೈಗೆ ಅಭ್ಯಾಸ ಆಗೋದೂ ಆ ಕೆಟ್ಟದ್ದೇ. ಮೇಲಿನ ಸಾಲು, ಕೊನೇ ಸಾಲು ಹೋಲಿಸಿ ನೋಡಿ ಯಾವುದೇ ಪುಸ್ತಕದಲ್ಲಿ. ನಿಮ್ಮ ಮಗನಿಗೆ ಆವಾಗ ಬೇಕಿದ್ದದ್ದು ಈ ಐದು ನಿಮಿಷ, ಮತ್ತೆ ಬೋರ್ಡಿನಿಂದ ಬರೆಯೋಕೆ ಇನ್ನಷ್ಟು ಸಮಯ ಕೊಡೋ ಟೀಚರ್.

ವಿನೋಬನಗರದ ಅಪ್ಪ:

ಹ್ಞೂಂ. ಆ ಸಮಯ ಯಾರೂ ಕೊಡಲಿಲ್ಲ ಅವನಿಗೆ. ಎರಡನೆಯವಳ ಹಳೇ ಪುಸ್ತಕ ತೆಗೆದು ನೋಡಿದೆ ಈಗ. ಕೊನೇ ಸಾಲುಗಳಲ್ಲಿ ಅಂಕಿ ಚೌಕದಿಂದ ಹೊರಗೇ ಬಿದ್ದಿವೆ. ಆವಾಗ ನಾನು ಪುಟ ತುಂಬಿದೆಯಾ ಅಂತ ಮಾತ್ರ ನೋಡ್ತಿದ್ದೆ.

ರಿಪ್ಪನ್‌ಪೇಟೆ ಅಮ್ಮ:

ಮೂರೂವರೆ ವಾರ ಆಯ್ತು, ಹೇಳದೆ ಇರೋಕೆ ಆಗಲಿಲ್ಲ.

ಮೊದಲು ಶಾಲೆಯ ಕತೆ. ಹೋಗಿ ಮಿಸ್ ಹತ್ತಿರ ಮಾತಾಡಿದೆ. ಅವರಿಗೂ ಮೇಲಿನವರ ಒತ್ತಡ ಅಂತೆ, ಪುಸ್ತಕ ಖಾಲಿ ಇದ್ರೆ ಬೇರೆ ತಂದೆತಾಯಿಯರೇ ಬಂದು ಕೇಳ್ತಾರಂತೆ. ಕೊನೆಗೆ ನಮ್ಮವಳಿಗೆ ಮಾತ್ರ ದಿನಕ್ಕೆ ಒಂದು ಸಾಲು ಅಂತ ಒಪ್ಪಿಕೊಂಡ್ರು. ಉಳಿದ ಮಕ್ಕಳು 50 ಬರೀತಾನೇ ಇದ್ದಾರೆ, ಅದು ನೆನಪಾದ್ರೆ ಸಮಾಧಾನ ಆಗೋದಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಟೀಚರ್ ಹೇಳಿದ ಗುರಿಯ ಪಟ್ಟಿ ತಗೊಂಡು ಹೋಗ್ತೀನಿ. ನನ್ನ ಜೊತೆ ಇನ್ನಿಬ್ಬರು ಅಮ್ಮಂದಿರು ಬರ್ತೀವಿ ಅಂದಿದ್ದಾರೆ.

ಮನೆಯಲ್ಲಿ ಚನ್ನೆಮಣೆ ದಿನಾ ಆಗ್ತದೆ. ಈಗ ಏಳು ಚಮಚ ಅಂದ್ರೆ ಏಳೇ. ನಮ್ಮ ಜಗುಲಿಯದು ಕೆಂಪು ಗಾರೆ ನೆಲ. ಒಂದು ಲೋಟ ನೀರು ಇಟ್ಟು ಬೆರಳು ಅದ್ದಿ ಬರಿ ಅಂತ ಬಿಟ್ಟೆ. ಒದ್ದೆ ಬೆರಳಿನ ಗೆರೆ ಕೆಂಪು ನೆಲದಲ್ಲಿ ಕಪ್ಪಗೆ ಕಾಣ್ತದೆ, ಈ ಮಳೆಗೆ ಬೇಗ ಆರೋದೂ ಇಲ್ಲ, ಅದಕ್ಕೆ ಹಳೇ ಟವೆಲ್ ಅವಳ ಪಕ್ಕವೇ ಇರ್ತದೆ. "ಗುಡ್ಡ ಹತ್ತಿ ಇಳಿ" ಅಂತ ತಾನೇ ಹೇಳ್ಕೊಂಡು ಬರೀತಾಳೆ. ನಾನು ಹತ್ತಿರ ಹೋಗೋದಿಲ್ಲ, ಅಡಿಗೆಮನೆಯಿಂದ ಕೇಳಿಸ್ಕೊಳ್ತೀನಿ. 3 ಇನ್ನೂ ಒಮ್ಮೊಮ್ಮೆ ತಿರುಗ್ತದೆ. ತಿರುಗಲಿ.

ನಿನ್ನೆ ಮಾವ ತೋಟದಿಂದ ಬಂದ್ರು, ಕಾಲ ತುಂಬ ಉಂಬಳ (ಜಿಗಣೆ). ಜಗುಲಿ ಮೇಲೆ ಕೂತು ಸುಣ್ಣ ಹಚ್ಚಿ ಒಂದೊಂದೇ ಬಿಡಿಸ್ತಿದ್ರು. ಇವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಣಿಸ್ತಿದ್ಲು. "ಅಜ್ಜಾ, ಬಲಗಾಲಿಗೆ ನಾಲ್ಕು, ಎಡಗಾಲಿಗೆ ಮೂರು." ಆಮೇಲೆ ಬಳಪದ ಚೂರು ತಂದು ಬಾಗಿಲ ಪಕ್ಕದ ಗೋಡೆಗೆ ಬರೆದ್ಲು. ಯಾರೂ ಹೇಳಿರಲಿಲ್ಲ. 4 ಬರೆದು ಅದರ ಪಕ್ಕ ಒಂದು ಕಾಲಿನ ಚಿತ್ರ, ಕೆಳಗೆ 3 ಬರೆದು ಇನ್ನೊಂದು ಕಾಲು. 3 ಉಲ್ಟಾ ಇತ್ತು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ್ಲು, ಅಂಗೈಯಲ್ಲಿ ಒರೆಸಿದ್ಲು, ಮತ್ತೆ ಬರೆದ್ಲು. ಮಾವ ಕಾಲು ತೊಳೆಯಲಿಕ್ಕೆ ಎದ್ದಾಗ ಕೈ ಹಿಡಿದು ನಿಲ್ಲಿಸಿ, "ನಾಳೆ ಬಂದ ಕೂಡಲೇ ಕಿತ್ತು ಹಾಕ್ಬೇಡ ಅಜ್ಜಾ, ನಾನು ಬರ್ಕೊಳ್ಬೇಕು" ಅಂದ್ಲು.